ರಕ್ತದ ಎಣ್ಣೆ, ಮೊಣಗಂಟಿನ ಗ್ರೀಸು

ಮದ್ದಿನ ಅಂಗಡಿಯ ಕೆಲಸಕ್ಕೆ ಹೊಸದಾಗಿ ಸೇರುವವರಿಗೆ ನಾನು ಮೊದಲು ಹೇಳುವುದು ಇಷ್ಟೇ: ಕೊಲೆಸ್ಟ್ರಾಲಿನ ಮಾತ್ರೆ ಕೊಡುವಾಗ ‘ಕೊಬ್ಬು’ ಎಂಬ ಶಬ್ದ ಬಾಯಿಂದ ಬರಬಾರದು. ಪುಸ್ತಕದಲ್ಲಿ ಹಾಗೆಯೇ ಇದೆ, ಪರೀಕ್ಷೆಯಲ್ಲಿ ಬರೆದರೆ ಅಂಕವೂ ಸಿಗುತ್ತದೆ. ಕಡಬದಲ್ಲಿ ಹೇಳಿದರೆ ಪೆಟ್ಟು ಸಿಗುತ್ತದೆ.

ನಾನು ಸುಳ್ಯದ ಕಡೆಯವಳು. ಕನ್ನಡ ಶಾಲೆಯಲ್ಲಿ ಓದಿ, ಡಿ.ಫಾರ್ಮ ಮಾಡಿ, ಮದುವೆಯಾಗಿ ಕಡಬಕ್ಕೆ ಬಂದೆ. ಬಸ್ಸು ನಿಲ್ಲುವಲ್ಲಿ ಹಮೀದ್ ಹಾಜಿಯವರ ಮೆಡಿಕಲ್ ಇತ್ತು. ಅಲ್ಲಿ ಸೇರಿದವಳು ನಿವೃತ್ತಿಯವರೆಗೂ ಅಲ್ಲೇ ಇದ್ದೆ. ಊರಿನವರಿಗೆ ನನ್ನ ಹೆಸರು ನೆನಪಿಲ್ಲ, ಎಲ್ಲರಿಗೂ ನಾನು ಮದ್ದಿನಕ್ಕ. ಈಗ ಅಂಗಡಿಗೆ ಹೊಸದಾಗಿ ಬಂದ ಹುಡುಗಿಯರು, “ಅಕ್ಕ, ಪುಸ್ತಕದಲ್ಲಿ ಇಲ್ಲದ್ದನ್ನು ಬರೆದು ಕೊಡಿ” ಎಂದರು. ಬರೆಯಲು ಬೇಕಾದಷ್ಟು ಸಮಯವಿದೆ. ನನ್ನ ಯಜಮಾನರು, ಜೀಪಿನ ಪೂವಪ್ಪ, ಹೋದ ಮಳೆಗಾಲದಲ್ಲಿ ತೀರಿಕೊಂಡರು. ಮನೆಯಲ್ಲಿ ಎದುರು ಮಾತಾಡುವವರು ಇಲ್ಲದಿದ್ದರೆ ಹೊತ್ತು ಬಹಳ ಉದ್ದವಾಗುತ್ತದೆ. ಇದರಲ್ಲಿ ಅವರ ಸುದ್ದಿಯೇ ಹೆಚ್ಚು ಬಂದರೆ ಬೇಸರಿಸಬೇಡಿ. ನಾನು ಕಂಡ ಗಿರಾಕಿಗಳಲ್ಲೆಲ್ಲ ಅತಿ ಹೆಚ್ಚು ಉಪದ್ರ ಕೊಟ್ಟವರು ಅವರೇ.

ಮೊದಲು ಕೊಬ್ಬಿನ ವಿಷಯ ಮುಗಿಸುತ್ತೇನೆ. ನಮ್ಮ ಅಂಗಡಿಗೆ ತಾಗಿಕೊಂಡೇ ಡಾಕ್ಟರರ ಕೋಣೆ, ನಡುವೆ ಒಂದು ಬಾಗಿಲು. ಮೈಸೂರಿನ ಕಡೆಯಿಂದ ಹೊಸದಾಗಿ ಬಂದ ಡಾಕ್ಟರು. ಒಳ್ಳೆಯ ಮನುಷ್ಯ, ನಗುಮುಖ, ಆದರೆ ನಮ್ಮ ಕಡೆಯವರ ಮಾತಿನ ಮುಳ್ಳು ಎಲ್ಲಿದೆ ಎಂದು ಇನ್ನೂ ತಿಳಿದಿರಲಿಲ್ಲ. ಒಂದು ಬೆಳಿಗ್ಗೆ ರಬ್ಬರ್ ತೋಟದ ಪಟೇಲರು ರಕ್ತಪರೀಕ್ಷೆಯ ರಿಪೋರ್ಟು ಹಿಡಿದುಕೊಂಡು ಬಂದರು. ಪಟೇಲರ ಎದುರು ನಾವೆಲ್ಲ ಮೆಲ್ಲಗೆ ಉಸಿರಾಡುವುದು ವಾಡಿಕೆ. ಬಾಗಿಲು ತೆರೆದೇ ಇತ್ತು.

“ಪಟೇಲರೇ, ನಿಮಗೆ ಕೊಬ್ಬು ಸ್ವಲ್ಪ ಜಾಸ್ತಿಯಾಗಿದೆ” ಎಂದರು ಡಾಕ್ಟರು.

“ಎಂತ ಹೇಳಿದ್ದು ನೀವು?”

“ಕೊಬ್ಬು. ಇಳಿಸ್ಬೇಕು.”

“ಯಾರು ಇಳಿಸುದು? ನೀವಾ?”

“ನಾನೇ ಇಳಿಸಿ ಕೊಡ್ತೀನಿ. ಒಂದು ತಿಂಗಳು ಸಾಕು.”

ಪಟೇಲರು ಎದ್ದು ನಿಂತ ಸದ್ದು ಅಂಗಡಿಗೂ ಕೇಳಿಸಿತು. ಡಾಕ್ಟರು ಅಲ್ಲಿಗೂ ನಿಲ್ಲಿಸಲಿಲ್ಲ. “ಮನೆಯವರನ್ನೂ ಒಮ್ಮೆ ಕರ್ಕೊಂಡು ಬನ್ನಿ. ಇದು ವಂಶದಲ್ಲೇ ಇರುತ್ತೆ” ಎಂದುಬಿಟ್ಟರು.

ಹಾಜಿಯವರು ಕೌಂಟರಿನ ಕೆಳಗಿಂದ ನುಸುಳಿ ಓಡಿ ಹೋಗಿ, ಪಟೇಲರ ಕೈ ಹಿಡಿದು, “ಪಟೇಲ್ರೆ, ಪಟೇಲ್ರೆ, ಅದು ರಕ್ತದ ಎಣ್ಣೆ! ಡಾಕ್ಟ್ರು ಹೇಳಿದ್ದು ಎಣ್ಣೆಯ ವಿಷಯ!” ಎಂದು ಸಮಾಧಾನ ಮಾಡಿದರು. “ಎಣ್ಣೆಯಾದ್ರೆ ಎಣ್ಣೆ ಅಂತ ಹೇಳ್ಬೇಕು” ಎಂದು ಪಟೇಲರು ಕುಳಿತರು. ಅಂದಿನಿಂದ ಹಾಜಿಯವರ ಕಾನೂನು: ನಮ್ಮ ಅಂಗಡಿಯಲ್ಲಿ ಯಾರಿಗೂ ಕೊಬ್ಬಿಲ್ಲ, ಎಲ್ಲರಿಗೂ ರಕ್ತದಲ್ಲಿ ಎಣ್ಣೆ. ಈ ಒಂದು ಶಬ್ದದಿಂದ ಮುಂದೆ ನನ್ನ ಮನೆಯಲ್ಲೇ ಎಂತ ಆದೀತೆಂದು ಆಗ ಗೊತ್ತಿರಲಿಲ್ಲ.

ಹಾಜಿಯವರು ಗಲ್ಫಿನಲ್ಲಿ ದುಡಿದು ಬಂದು ಅಂಗಡಿ ಹಾಕಿದವರು. ಮದ್ದಿನ ಹೆಸರು ಅವರಿಗೆ ಎಂದೂ ನೆಟ್ಟಗೆ ಬರಲಿಲ್ಲ. “ಆ ಗುಲಾಬಿ ಮಾತ್ರೆ ಕೊಡಿ, ನಿಮಗೆ ಕಂಪೆನಿ ಹೆಸರು ಗೊತ್ತುಂಟಲ್ಲ” ಎನ್ನುತ್ತಿದ್ದರು. ಆದರೆ ಬಂದವರು ಮದ್ದು ಬಿಡಲು ನೋಡುತ್ತಿದ್ದಾರೆಂದು ಅವರಿಗೆ ಮುಖ ನೋಡಿದರೇ ತಿಳಿಯುತ್ತಿತ್ತು. ಕೊಲೆಸ್ಟ್ರಾಲಿನ ಮಾತ್ರೆಯನ್ನು ಬಿಡುವುದಕ್ಕೆ ಜನರ ಹತ್ತಿರ ಇರುವಷ್ಟು ಕಾರಣ ಬೇರೆ ಯಾವ ಮಾತ್ರೆಗೂ ಇಲ್ಲ. ರಿಪೋರ್ಟು ಒಳ್ಳೆಯದು ಬಂದರೆ ‘ಹೋಯಿತು’ ಎಂದು ಬಿಡುತ್ತಾರೆ. ಕೆಟ್ಟದು ಬಂದರೆ ‘ತಾಗುವುದಿಲ್ಲ’ ಎಂದು ಬಿಡುತ್ತಾರೆ. ಮದುವೆ ಮನೆಯಲ್ಲಿ ಹಂದಿ ಮಾಂಸ ಇದ್ದ ದಿನ ಎರಡು ಮಾತ್ರೆ ನುಂಗಿ ಎರಡು ಸಲ ಬಡಿಸಿಕೊಂಡವರನ್ನೂ ನಾನು ನೋಡಿದ್ದೇನೆ.

ಆದರೆ ಬಿಡುವವರಲ್ಲಿ ಹೆಚ್ಚಿನವರು ಹೇಳುತ್ತಿದ್ದ ಕಾರಣ ಒಂದೇ: ಗಂಟು ನೋವು. ಮೊಣಕಾಲು, ಭುಜ, ಸೊಂಟ, ತೊಡೆಯ ಮಾಂಸಖಂಡ. ಅವರು ಮಾತ್ರೆ ತಂದ ನೋವಿಗೆ ಬೇನೆಯ ಮಾತ್ರೆ ಕೇಳುತ್ತಿದ್ದರು, ಬೇನೆಯ ಮಾತ್ರೆಯಿಂದ ಹೊಟ್ಟೆ ಉರಿದಾಗ ಗ್ಯಾಸಿನ ಮಾತ್ರೆ ಕೇಳುತ್ತಿದ್ದರು. ಹೃದಯದ ರೋಗಿಗಳಿಗೆ ಬೇನೆಯ ಮಾತ್ರೆಯೇ ಅಪಾಯ ಎಂದು ಅವರಿಗೆ ಹೇಳಿ ಹೇಳಿ ನನ್ನ ಗಂಟಲು ಒಣಗಿದೆ. ನಾವು ಕೌಂಟರಿನವರು, ಡಾಕ್ಟರು ಕೂಡ, ಆ ನೋವನ್ನು ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ. ಪ್ರಾಯವಾದವರಿಗೆ ಗಂಟು ನೋವು ಮಾತ್ರೆ ಇಲ್ಲದೆಯೂ ಬರುತ್ತದಲ್ಲ.

ಹೀಗಿರುವಾಗ ನನ್ನ ಯಜಮಾನರಿಗೆ ಎದೆನೋವು ಬಂತು. ಕಡಬದಿಂದ ಒಳಗಿನ ಹಳ್ಳಿಗಳಿಗೆ ಜೀಪು ಓಡಿಸುತ್ತಿದ್ದರು. ಏರಿನಲ್ಲಿ ಗೇರು ಹಾಕುವಾಗ ಎದೆ ಹಿಡಿಯಿತು. ಜೀಪಿನಲ್ಲಿದ್ದ ಹೆಂಗಸರೇ ಬೇರೊಂದು ಗಾಡಿ ನಿಲ್ಲಿಸಿ ಅವರನ್ನು ಪುತ್ತೂರಿಗೆ, ಅಲ್ಲಿಂದ ಮಂಗಳೂರಿಗೆ ಮುಟ್ಟಿಸಿದರು. ಸ್ಟೆಂಟ್ ಹಾಕಿ ಕಳಿಸುವಾಗ ಅಲ್ಲಿಯ ದೊಡ್ಡ ಡಾಕ್ಟರು ನನ್ನನ್ನು ಕರೆದು, “ಈ ಮಾತ್ರೆ ಜೀವನಪೂರ್ತಿ. ಬಿಟ್ಟರೆ ಇನ್ನೊಮ್ಮೆ ಇಲ್ಲಿಯವರೆಗೆ ತಲುಪುತ್ತಾರೋ ಇಲ್ಲವೋ ಹೇಳಲಾರೆ” ಎಂದರು. ಆ ದಿನದಿಂದ ನನ್ನ ಬದುಕಿನಲ್ಲಿ ಅದೊಂದೇ ಕೆಲಸ: ಈ ಮನುಷ್ಯ ಆ ಮಾತ್ರೆ ಬಿಡದ ಹಾಗೆ ನೋಡಿಕೊಳ್ಳುವುದು.

ಮಾತ್ರೆ ಸುರುವಾದ ಮೇಲೆ ಅವರ ಎರಡೂ ಮೊಣಕಾಲು ಹಿಡಿಯತೊಡಗಿತು. ಭುಜವೂ ನೋವು. ಕ್ಲಚ್ಚು ತುಳಿಯುವಾಗ ಮುಖ ಹಿಂಡುತ್ತಿದ್ದರು. ಮನೆಯಲ್ಲಿ ನಾವು ಆಡುವುದು ಸುಳ್ಯದ ಕಡೆಯ ಅರೆಭಾಷೆ, ಎಲ್ಲರಿಗೂ ತಿಳಿಯಲಿ ಎಂದು ಕನ್ನಡದಲ್ಲಿ ಬರೆಯುತ್ತೇನೆ.

“ಈ ಮಾತ್ರೆ ಎಂತ ಮಾಡುದು ಮಾರಾಯ್ತಿ?”

“ರಕ್ತದ ಎಣ್ಣೆ ಕಡಿಮೆ ಮಾಡುದು.”

“ಹಾಗಾದ್ರೆ ಸರಿ ಆಯ್ತು. ಎಣ್ಣೆ ತೆಗೆದ್ರೆ ಗಂಟು ಹಿಡಿಯದೆ ಮತ್ತೆಂತ ಆಗುದು?”

“ಅದು ಬೇರೆ ಎಣ್ಣೆ.”

“ಎಣ್ಣೆಯಲ್ಲಿ ಬೇರೆ ಎಂತದು? ಜೀಪಿನ ಎಣ್ಣೆ ತೆಗೆದು ಓಡಿಸು ನೋಡುವಾ, ಪೇಟೆ ದಾಟುದಿಲ್ಲ. ಗ್ರೀಸು ಇಲ್ಲದ ಬೇರಿಂಗಿನ ಹಾಗೆ ಆಗಿದೆ ನನ್ನ ಮೊಣಗಂಟು.”

“ಪ್ರಾಯ ಆಯ್ತು ನಿಮಗೆ, ಅದಕ್ಕೆ.”

“ಮಾತ್ರೆ ತಗೊಂಡ ತಿಂಗಳಲ್ಲೇ ಪ್ರಾಯ ಆಗುದಾ?”

ನಮ್ಮ ಹಾಜಿಯವರ ಶಬ್ದ ಹೀಗೆ ನನ್ನ ಮೇಲೆಯೇ ತಿರುಗಿತು. ಎರಡು ವಾರದಲ್ಲಿ ಜೀಪು ಹೋಗುವ ಹಳ್ಳಿಗಳಿಗೆಲ್ಲ ಈ ಸಿದ್ಧಾಂತ ಮುಟ್ಟಿತು. ಕೌಂಟರಿಗೆ ಬಂದವರು, “ಮದ್ದಿನಕ್ಕ, ಗಂಟಿನ ಎಣ್ಣೆ ತೆಗೆಯದೆ ಬರೀ ರಕ್ತದ ಎಣ್ಣೆ ತೆಗೆಯುವ ಮಾತ್ರೆ ಉಂಟಾ?” ಎಂದು ಕೇಳತೊಡಗಿದರು. ಗಂಟಿಗೂ ಕೊಲೆಸ್ಟ್ರಾಲಿಗೂ ಎಣ್ಣೆಯ ಸಂಬಂಧವಿಲ್ಲ ಎಂದು ವಿವರಿಸುವಷ್ಟರಲ್ಲಿ ಅವರ ಬಸ್ಸು ಹೊರಟಿರುತ್ತಿತ್ತು.

ನಾನು ರಾತ್ರಿ ಊಟವಾದ ಮೇಲೆ ಯಜಮಾನರ ಎದುರಿಗೇ ನಿಂತು ಮಾತ್ರೆ ಕೊಡುತ್ತಿದ್ದೆ. ಅವರು ಬಾಯಿಗೆ ಹಾಕಿ, ನೀರು ಕುಡಿದು, ಬಾಯಿ ತೆರೆದು ತೋರಿಸಿ, ಕೈ ತೊಳೆಯಲು ಅಂಗಳಕ್ಕೆ ಇಳಿಯುತ್ತಿದ್ದರು. ಕೆಲವು ವಾರಗಳಲ್ಲಿ ನೋವು ಇಳಿಯಿತು. ಜೀಪಿಗೆ ಹಾರಿ ಹತ್ತುವಂತಾದರು. “ನೋಡಿ, ಮಾತ್ರೆ ದೇಹಕ್ಕೆ ಒಗ್ಗಿತು. ಸ್ವಲ್ಪ ತಾಳಿಕೊಳ್ಳಬೇಕು ಅಷ್ಟೆ” ಎಂದು ನಾನು ಗಿರಾಕಿಗಳಿಗೆಲ್ಲ ಅವರ ಉದಾಹರಣೆ ಕೊಟ್ಟೆ. ಅಷ್ಟರಲ್ಲಿ ರಕ್ತಪರೀಕ್ಷೆಯ ರಿಪೋರ್ಟು ಬಂತು. ಕೊಲೆಸ್ಟ್ರಾಲು ಮೊದಲಿಗಿಂತಲೂ ಮೇಲೆ. ನಮ್ಮ ಡಾಕ್ಟರು ತಲೆ ಕೆರೆದುಕೊಂಡು ಮಾತ್ರೆಯ ಪವರ್ ಹೆಚ್ಚಿಸಿ ಬರೆದರು. ಯಜಮಾನರು ಚೀಟಿಯನ್ನು ಮಡಚಿ ಜೇಬಿಗೆ ಹಾಕಿಕೊಂಡರು.

ಮರುದಿನ ನಾನು ಊಟಕ್ಕೆ ಹೋದ ಸಮಯ ನೋಡಿ ಅವರು ಹಾಜಿಯವರ ಹತ್ತಿರ ಬಂದು, “ಹಾಜಿಯವರೆ, ತಗೊಳ್ಳದ ಮಾತ್ರೆಯ ಪವರ್ ಜಾಸ್ತಿ ಮಾಡಿದ್ರೆ ಎಂತ ಮಾಡುದು?” ಎಂದು ಕೇಳಿದ್ದಾರೆ. ನಾಲಗೆಯ ಅಡಿಗೆ ಇಟ್ಟುಕೊಂಡು ಅಂಗಳದ ದಾಸವಾಳದ ಬುಡಕ್ಕೆ ಉಗುಳುತ್ತಿದ್ದರಂತೆ. ನಾನು ತಿರುಗಿ ಬಂದಾಗ ಅಂಗಡಿ ತುಂಬ ಜನ. ಹಾಜಿಯವರು ಎಲ್ಲರ ಎದುರೇ, “ಮದ್ದಿನಕ್ಕ, ನಿಮ್ಮ ದಾಸವಾಳಕ್ಕೆ ಇನ್ನು ಹಾರ್ಟ್ ಅಟ್ಯಾಕ್ ಆಗುದಿಲ್ಲ. ಪೂವಪ್ಪಣ್ಣನ ವಿಷಯ ಮಾತ್ರ ನೋಡಿಕೊಳ್ಳಿ” ಎಂದರು. ಜನ ನಕ್ಕರು. ನನಗೆ ಮಂಗಳೂರಿನ ಡಾಕ್ಟರ ಮಾತು ನೆನಪಾಯಿತು.

ಆ ಸಂಜೆಯ ಜಗಳ ನೆರೆಯವರಿಗೆ ಇನ್ನೂ ನೆನಪಿದೆ.

“ಹೃದಯ ನಿಂತ್ರೆ ಮೊಣಗಂಟು ಇಟ್ಟುಕೊಂಡು ಎಂತ ಮಾಡ್ತೀರಿ?”

“ಮೊಣಗಂಟು ನಿಂತ್ರೆ ಹೃದಯ ಇಟ್ಟುಕೊಂಡು ಎಂತ ಮಾಡುದು? ಅದನ್ನು ಸ್ಟೇರಿಂಗಿನ ಎದುರು ಕೂರಿಸ್ಲಿಕ್ಕೆ ಆಗ್ತದಾ? ನನಗೆ ನೋವು ಉಂಟು ಅಂದ್ರೆ ನಿನಗೆ ನಂಬಿಕೆ ಇಲ್ಲ. ಊರಿಗೆಲ್ಲ ಮದ್ದಿನಕ್ಕ, ನನಗೆ ಮಾತ್ರ ಪೊಲೀಸು!”

ಡಾಕ್ಟರ ಹತ್ತಿರ ಬಂದು ನಿಜ ಹೇಳಿ ಎಂದರೆ, “ಬೈಸಿಕೊಳ್ಳಿಕ್ಕೆ ನಾನು ಬರುದಿಲ್ಲ” ಎಂದರು. ಮಾತ್ರೆ ಪೂರ್ತಿ ನಿಂತಿತು. ಜೀಪು ತಡವಾಗಿ ಬಂದ ದಿನವೆಲ್ಲ ನಾನು ಅಂಗಡಿಯ ಮೆಟ್ಟಿಲಿಗೆ ಬಂದು ರಸ್ತೆ ನೋಡುತ್ತಿದ್ದೆ.

ನಮ್ಮನ್ನು ಪಾರು ಮಾಡಿದ್ದು ಚಂದ್ರ. ಅದನ್ನು ಹೇಳಬೇಕಾದರೆ ನಮ್ಮ ಆಗಿನ ಕ್ರಮ ಹೇಳಬೇಕು. ಓದು ಬಾರದವರಿಗೆ ಮಾತ್ರೆಯ ಕಾಗದದ ಲಕೋಟೆಯ ಮೇಲೆ ನಾನು ಚಿತ್ರ ಬಿಡಿಸಿ ಕೊಡುತ್ತಿದ್ದೆ. ಬೆಳಗಿನದಕ್ಕೆ ಸೂರ್ಯ, ರಾತ್ರಿಯದಕ್ಕೆ ಚಂದ್ರ. ನನ್ನ ಚಂದ್ರ ಬಹಳ ಚೆಂದ ಇರುತ್ತಿತ್ತು ಎಂದು ಹಾಜಿಯವರೇ ಹೇಳಿದ್ದುಂಟು. ಸಕ್ಕರೆ ಕಾಯಿಲೆಯ ಲಿಂಗಮ್ಮ ಎಂಬ ಅಜ್ಜಿಗೆ ಕೊಲೆಸ್ಟ್ರಾಲಿನ ಮಾತ್ರೆಯನ್ನು ಹೀಗೆ ಚಂದ್ರನ ಲಕೋಟೆಯಲ್ಲಿ ಕೊಟ್ಟಿದ್ದೆ. ಬೇಸಿಗೆಯಲ್ಲಿ ಅವರು ಮೊಮ್ಮಗಳ ಹೆಗಲು ಹಿಡಿದುಕೊಂಡು ಕುಂಟುತ್ತ ಬರುತ್ತಿದ್ದರು. ಆಷಾಢದ ಹೊತ್ತಿನ ಆಟಿ ತಿಂಗಳು ಕಳೆದು, ಮಳೆ ಇನ್ನೂ ಹೊಯ್ಯುತ್ತಿರುವಾಗ, ಒಬ್ಬರೇ ಕೊಡೆ ಹಿಡಿದುಕೊಂಡು ಚಕಚಕನೆ ನಡೆದು ಬಂದರು. ಯಜಮಾನರು ಆಗ ಜೀಪು ತುಂಬಲಿ ಎಂದು ಕಾಯುತ್ತ ನಮ್ಮ ಬೆಂಚಿನಲ್ಲಿ ಕುಳಿತಿದ್ದರು. ಡಾಕ್ಟರೂ ಬಾಗಿಲಿಗೆ ಬಂದು ನಿಂತರು.

“ಏನಜ್ಜಿ, ಮಳೆಗಾಲದಲ್ಲಿ ಎಲ್ಲರಿಗೂ ಗಂಟುನೋವು ಹೆಚ್ಚಾಗುತ್ತೆ, ನಿಮಗೆ ಕಡಿಮೆಯಾಗಿದೆಯಲ್ಲ?”

“ಆಟಿ ಅಮಾವಾಸ್ಯೆಗೆ ಪಾಲೆ ಮರದ ತೊಗಟೆಯ ಕಷಾಯ ಕುಡಿದೆ.”

“ಕೇಳಿದ್ರಾ?” ಎಂದರು ಹಾಜಿಯವರು. “ನಾವು ಸುಮ್ಮನೆ ಇಷ್ಟು ಮಾತ್ರೆ ಇಟ್ಟುಕೊಂಡು ಕೂತದ್ದು.”

“ಕಷಾಯ ಪ್ರತಿವರ್ಷ ಕುಡೀತೀರಲ್ಲ ಅಜ್ಜಿ? ಮಾತ್ರೆ ಸರಿಯಾಗಿ ತಗೊಳ್ತಿದ್ದೀರಾ?” ಎಂದರು ಡಾಕ್ಟರು.

“ಮಾತ್ರೆ ತಗೊಳ್ಳಿಕ್ಕೆ ಚಂದ್ರ ಎಲ್ಲಿ ಉಂಟು ಡಾಕ್ಟ್ರೆ? ಮಳೆ ಹಿಡಿದಂದಿನಿಂದ ಬರೀ ಮೋಡ.”

“ಯಾವ ಚಂದ್ರ?”

“ಮದ್ದಿನಕ್ಕ ಬರೆದು ಕೊಟ್ಟ ಚಂದ್ರ. ಅದು ಕಂಡ ದಿವಸ ತಗೊಳ್ಳುದು, ಕಾಣದ ದಿವಸ ಬಿಡುದು. ಬೇಸಿಗೆಯಲ್ಲಿ ಅಮಾವಾಸ್ಯೆ ಬಿಟ್ಟು ಉಳಿದ ದಿವಸ ತಪ್ಪಿಸ್ಲಿಲ್ಲ ನಾನು. ಕೆಲವು ಸರ್ತಿ ಚಂದ್ರ ಬರುವಾಗ ಬೆಳಗಾಗುದು, ಆದ್ರೂ ಕಾದು ಕೂತಿದ್ದೇನೆ.”

ಡಾಕ್ಟರು ಗೋಡೆ ಹಿಡಿದುಕೊಂಡು ನಕ್ಕರು. ಕಣ್ಣೊರೆಸಿಕೊಂಡು ನಗು ನಿಂತ ಮೇಲೆ, ಅಜ್ಜಿಯ ಮೊಣಕಾಲನ್ನು ಒತ್ತಿ ನೋಡಿದರು. “ಮಾತ್ರೆ ಇದ್ದಾಗ ನೋವು, ಮಾತ್ರೆ ನಿಂತಾಗ ಇಲ್ಲ. ಅದೂ ಮಳೆಗಾಲದಲ್ಲಿ! ಹಾಗಾದ್ರೆ ಇದು ಪ್ರಾಯದ ನೋವಲ್ಲ ಮೇಡಂ, ಮಾತ್ರೆಯದ್ದೇ ಇರಬೇಕು” ಎಂದು ನನ್ನತ್ತ ನೋಡಿದರು. ಅಜ್ಜಿಗೆ ಬೈಯಲಿಲ್ಲ. ರಕ್ತಪರೀಕ್ಷೆಗೆ ಬರೆದು, ಬೇರೆ ಮಾತ್ರೆ ನೋಡೋಣ ಎಂದರು.

ಬೆಂಚಿನಲ್ಲಿದ್ದ ಯಜಮಾನರು ಎದ್ದು ನಿಂತರು. “ಡಾಕ್ಟ್ರೆ, ನನ್ನದೂ ಒಂದು ಚಂದ್ರನ ಕೇಸು ಉಂಟು” ಎಂದು ತಾವಾಗಿಯೇ ಒಳಗೆ ಹೋದರು.

ಬಾಗಿಲು ಹಾಕಿ ಹೇಳಬೇಕಾದ್ದನ್ನು ಬಾಗಿಲು ತೆರೆದೇ ಹೇಳಿದರು, ದಾಸವಾಳವನ್ನೂ ಸೇರಿಸಿ. ಡಾಕ್ಟರು ಗದರಿಸಲಿಲ್ಲ. “ನಾನು ಕೆಲವು ವಾರ ಮಾತ್ರೆ ನಿಲ್ಲಿಸಿ ನೋಡ್ಬೇಕಾಗಿತ್ತು, ಆ ಪರೀಕ್ಷೆ ನೀವೇ ಮಾಡ್ಕೊಂಡಿದ್ದೀರಿ. ಆದರೆ ಪೂವಪ್ಪನವರೇ, ನನಗೆ ಹೇಳದೆ ಮಾಡಿದ್ರಲ್ಲ, ಆಗ ಎದೆ ಹಿಡಿದಿದ್ದರೆ?” ಎಂದರು. ಯಜಮಾನರು ತಲೆ ತಗ್ಗಿಸಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಥೈರಾಯ್ಡ್ ನೋಡಿದರು, ಮಾಂಸಖಂಡಕ್ಕೆ ಪೆಟ್ಟಾಗಿದೆಯೇ ಎಂದು ರಕ್ತ ನೋಡಿದರು, ಮೂತ್ರ ಕಪ್ಪಾಗುತ್ತದೆಯೇ ಎಂದು ಕೇಳಿದರು. ಎಲ್ಲ ಸರಿಯಿತ್ತು. ಮಂಗಳೂರಿಗೂ ಫೋನು ಮಾಡಿ ಕೇಳಿ, ಬೇರೆ ಜಾತಿಯ ಮಾತ್ರೆಯನ್ನು ಕಡಿಮೆ ಪವರಿನಲ್ಲಿ, ಒಂದು ದಿನ ಬಿಟ್ಟು ಒಂದು ದಿನ ಎಂದು ಬರೆದರು. ನೋವು ಪೂರ್ತಿ ಹೋಗಲಿಲ್ಲ, ಆದರೆ ಕ್ಲಚ್ಚು ತುಳಿಯುವಷ್ಟು ಇಳಿಯಿತು. ಮುಂದಿನ ರಿಪೋರ್ಟು ಡಾಕ್ಟರು ಬಯಸಿದ ಮಟ್ಟಕ್ಕೆ ಬಂತು.

ಹೊಸಬರಿಗೆ ನಾನು ಹೇಳಬೇಕಾದ್ದು ಇಲ್ಲೇ ಇದೆ. ಗಿರಾಕಿ ನೋವು ಎಂದರೆ ನಗಬೇಡಿ, ‘ಪ್ರಾಯ’ ಎನ್ನಬೇಡಿ. ಹಾಗೆಂದು ನೀವೇ ‘ಬಿಡಿ’ ಎಂದೂ ಹೇಳಬೇಡಿ. ನೋವು ಮಾತ್ರೆಯ ಮೊದಲು ಬಂದದ್ದೋ ಮೇಲೆ ಬಂದದ್ದೋ ಕೇಳಿ, ಬೇರೆ ಏನೇನು ನುಂಗುತ್ತಾರೆ ಕೇಳಿ, ಡಾಕ್ಟರ ಹತ್ತಿರ ಕಳಿಸಿ. ಮತ್ತೆ ಚಿತ್ರ ಬಿಡಿಸುವುದಿದ್ದರೆ ಚಂದ್ರ ಬೇಡ. ನಾನು ಆಮೇಲೆ ಅನ್ನದ ಬಟ್ಟಲು ಬಿಡಿಸಿದೆ. ಅದಕ್ಕೂ ಒಬ್ಬರು ಬಂದು, “ಚಪಾತಿ ತಿಂದ ದಿವಸ ತಗೊಳ್ಳಿಕ್ಕೆ ಆಗ್ತದಾ?” ಎಂದು ಕೇಳಿದರು. ಈಗ ಬಿಡಿ, ಎಲ್ಲರೂ ಮಾತ್ರೆಯ ಫೋಟೊ ಮೊಬೈಲಿನಲ್ಲಿ ಕಳಿಸುತ್ತಾರೆ. ಅರ್ಧ ಹರಿದ ಸ್ಟ್ರಿಪ್ಪಿನಲ್ಲಿ ಹೆಸರಿನ ಬಾಲ ಮಾತ್ರ ಕಾಣುತ್ತದೆ, ಅದರಿಂದ ತಲೆ ಹುಡುಕುವುದು ನಿಮ್ಮ ಕೆಲಸ.

ಯಜಮಾನರು ಆಮೇಲೆ ಹಲವು ವರ್ಷ ಜೀಪು ಓಡಿಸಿದರು. ಮಾತ್ರೆಯ ದಿನ ಬಂತೆಂದರೆ, “ತಾ ನಿನ್ನ ಎಣ್ಣೆ ಹೀರುವ ಮಾತ್ರೆ” ಎಂದು ಗೊಣಗಿಯೇ ನುಂಗುತ್ತಿದ್ದರು. ಹೋದ ಮಳೆಗಾಲ ಜ್ವರ ಬಂತು, ಅದು ಶ್ವಾಸಕೋಶಕ್ಕೆ ಇಳಿಯಿತು. ಆಸ್ಪತ್ರೆಯ ಡಾಕ್ಟರು ಕೊನೆಯವರೆಗೂ “ಹಾರ್ಟ್ ಚೆನ್ನಾಗಿದೆ” ಎಂದೇ ಹೇಳುತ್ತಿದ್ದರು. ಅಷ್ಟು ವರ್ಷ ನಾನು ಕಾದದ್ದು ಒಂದು ಬಾಗಿಲನ್ನು, ಅವರು ಹೋದದ್ದು ಇನ್ನೊಂದರಿಂದ. ಇದಕ್ಕಿಂತ ಹೆಚ್ಚು ಬರೆಯಲು ನನಗೆ ಬರುವುದಿಲ್ಲ.

ಉತ್ತರಕ್ರಿಯೆಯ ದಿನ ಜೀಪಿನ ದಾರಿಯ ಹಳ್ಳಿಗಳವರೆಲ್ಲ ಬಂದಿದ್ದರು. ಕೊನೆಯ ಸ್ಟಾಪಿನಿಂದ ಬೀಡಿ ಕಟ್ಟುವ ಆಯಿಸಮ್ಮ ಬಂದು ನನ್ನ ಕೈ ಹಿಡಿದು ಅತ್ತಳು.

“ಪೂವಪ್ಪಣ್ಣ ಇಲ್ಲದಿದ್ರೆ ನಾನು ಮಾತ್ರೆ ಯಾವಾಗಲೋ ಬಿಡ್ತಿದ್ದೆ ಮದ್ದಿನಕ್ಕ. ಕಾಲು ನೋವು ಅಂತ ಹೇಳಿದ್ದಕ್ಕೆ ಜೀಪು ನಿಲ್ಲಿಸಿ ಬೈದ್ರು. ಮಾತ್ರೆ ಬಿಟ್ಟವರು ನನ್ನ ಜೀಪಿಗೆ ಹತ್ತಬಾರದು ಅಂತ.”

ನನಗೆ ನಂಬಲಾಗಲಿಲ್ಲ. “ಅವರಾ? ಮಾತ್ರೆಗೆ ಬೈದದ್ದಾ?”

“ಮಾತ್ರೆಗೆ ಅಲ್ಲ, ನನಗೆ. ನನ್ನ ಹೆಂಡತಿ ನನ್ನನ್ನು ಹೀಗೇ ಉಳಿಸಿದ್ದು ಅಂತ ದಿನಾ ಹೇಳ್ತಿದ್ರು.”

ಮನೆಯಲ್ಲಿ ಒಂದು ದಿನವೂ ಹೇಳದ್ದನ್ನು ಈ ಮನುಷ್ಯ ಜೀಪಿನಲ್ಲಿ ದಿನಾ ಹೇಳುತ್ತಿದ್ದರು. ನನಗೂ ಅಳು ಬಂತು. ಅಷ್ಟರಲ್ಲಿ ಆಯಿಸಮ್ಮ ಕಣ್ಣೊರೆಸಿಕೊಂಡು ಮುಂದುವರಿಸಿದಳು. “ನೋವು ಇದ್ರೆ ಒಂದು ದಿವಸ ಬಿಟ್ಟು ಒಂದು ದಿವಸ ತಗೋ ಅಂತಲೂ ಅವರೇ ಹೇಳಿಕೊಟ್ಟದ್ದು.”

“ಡಾಕ್ಟ್ರಿಗೆ ಹೇಳಿದ್ದೀಯಾ?”

“ಪೂವಪ್ಪಣ್ಣ ಹೇಳಿದ ಮೇಲೆ ಡಾಕ್ಟ್ರು ಎಂತಕ್ಕೆ?”

ಪಕ್ಕದಲ್ಲಿದ್ದವರು, “ನನಗೂ ಹಾಗೇ ಹೇಳಿದ್ದು” ಎಂದರು. ಅವರ ಹಿಂದಿನವರು, “ನನಗೂ.” ತಮಗೆ ಬರೆದುಕೊಟ್ಟ ಚೀಟಿಯನ್ನೇ ಯಜಮಾನರು ಇಡೀ ದಾರಿಗೆ ಹಂಚಿಬಿಟ್ಟಿದ್ದರು! ಬಂದವರಲ್ಲಿ ಹೃದಯದವರಿದ್ದರು, ಸಕ್ಕರೆಯವರಿದ್ದರು, ಪಾರ್ಶ್ವವಾಯು ಆಗಿ ಎದ್ದವರಿದ್ದರು. ನಾನು ಅಳುವುದನ್ನು ಬಿಟ್ಟು, ಎಲೆ ಹಾಕಿದ ಪಂಕ್ತಿಯ ನಡುವೆ ನಡೆಯುತ್ತ, “ನೀವು ಹೇಗೆ ತಗೊಳ್ಳುದು? ನೀವು?” ಎಂದು ಒಬ್ಬೊಬ್ಬರನ್ನೇ ಕೇಳಿದೆ. ನೆಂಟರು ನನಗೆ ಎಂತದೋ ಆಯಿತೆಂದು ತಿಳಿದರು. ಸಿಟ್ಟು ಬಂದಿತ್ತು, ನಿಜವಾಗಿ. ಜಗಳ ಮಾಡೋಣವೆಂದರೆ ಅವರಿಲ್ಲ.

ಅಂದಿನಿಂದ ನಾನು ಆ ದಾರಿಯ ಜೀಪು ಹತ್ತುತ್ತೇನೆ. ಈಗ ಓಡಿಸುವವರು ಬೇರೆ. ಒಂದೊಂದು ಸ್ಟಾಪಿನಲ್ಲಿ ಇಳಿದು, ಯಜಮಾನರು ಹೇಳಿಕೊಟ್ಟದ್ದನ್ನು ತಿದ್ದಿ, ಜನರನ್ನು ಡಾಕ್ಟರ ಹತ್ತಿರ ಕಳಿಸುತ್ತೇನೆ. ಹೆಚ್ಚಿನವರಿಗೆ ಡಾಕ್ಟರು ದಿನಾಲೂ ತೆಗೆದುಕೊಳ್ಳಲು ಹೇಳಿದರು, ಕೆಲವರಿಗೆ ಮಾತ್ರೆ ಬದಲಿಸಿದರು. ಹೋದ ವಾರ ಆಯಿಸಮ್ಮನನ್ನು ನಾನೇ ಕರೆದುಕೊಂಡು ಹೋದೆ. ಡಾಕ್ಟರು ರಕ್ತಪರೀಕ್ಷೆ ನೋಡಿ, ಅವಳನ್ನೂ ನೋಡಿ, “ಇವರಿಗೆ ಈಗ ತಗೊಳ್ಳೋ ಹಾಗೇ ಸಾಕು, ಒಂದು ದಿನ ಬಿಟ್ಟು ಒಂದು ದಿನ” ಎಂದುಬಿಟ್ಟರು.

ತಿರುಗಿ ಬರುವಾಗ ಜೀಪಿನಲ್ಲಿ ಆಯಿಸಮ್ಮ ನನ್ನನ್ನು ಮೊಣಕೈಯಿಂದ ತಿವಿದಳು. “ಕಂಡಿರಾ ಮದ್ದಿನಕ್ಕ? ಪೂವಪ್ಪಣ್ಣ ಸರಿಯೇ ಹೇಳಿದ್ದು.”

“ನಿನಗೊಬ್ಬಳಿಗೆ ಸರಿಯಾಯ್ತು. ಉಳಿದವರಿಗೆ ಎಲ್ಲ ತಪ್ಪು.”

“ಆದ್ರೂ! ಅವರು ಇದ್ದಿದ್ರೆ ಇವತ್ತು ಹೇಗೆ ಕುಣೀತಿದ್ರು!”

“ಕುಣೀತಿದ್ರು” ಎಂದೆ. “ವಾರಗಟ್ಟಳೆ ನನ್ನ ತಲೆ ತಿನ್ನುತ್ತಿದ್ರು.”

“ನೀವು ಕೇಳ್ತಿದ್ರಾ?”

ಜೀಪು ಏರು ಹತ್ತುತ್ತಿತ್ತು, ಗೇರಿನ ಸದ್ದು ಜೋರಾಗಿತ್ತು. ಸದ್ದು ತಗ್ಗಿದ ಮೇಲೆ ಹೇಳಿದೆ.

“ಕೇಳ್ತಿದ್ದೆ.”